ಹಪ್ಪಳ ಫಸ್ಟ್ ಕ್ಲಾಸ್, ಅಕ್ಕನ ಪುರುಸೊತ್ತು ನೋಡಿಕೊಂಡು ಹೋಗಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ, ಎಣ್ಮಕಜೆ ಪಂಚಾಯತಿನ ಒಂದು ಮನೆಯಲ್ಲಿ ಹಲಸಿನ ಹಪ್ಪಳ ಸಿಗುತ್ತದೆ. ಬೋರ್ಡು ಇಲ್ಲ. ಚಾವಡಿಯ ಮೂಲೆಯಲ್ಲಿ ಒಂದು ಹಳೆಯ ಕಪಾಟು, ಅದರೊಳಗೆ ಡಬ್ಬಗಳು, ಗೋಡೆಗೆ ಅಂಟಿಸಿದ ಒಂದು ಕ್ಯೂಆರ್ ಕೋಡ್. ಅಂಗಡಿ ಅಂದರೆ ಇಷ್ಟೇ. ಪೇಟೆಯಲ್ಲಿ ಯಾವ ರಿಕ್ಷಾದವರನ್ನು ಕೇಳಿದರೂ "ಹಪ್ಪಳದ ಅಕ್ಕನಲ್ಲಿಗಾ?" ಅಂತ ಕರೆದುಕೊಂಡು ಹೋಗುತ್ತಾರೆ. ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರು ನನ್ನನ್ನು ಬಿಡುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅವರ ಸಣ್ಣ ಮಗ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲೇ ಓದಿದವನು. ನಾನು ರಿಟೈರ್ ಆದರೂ ಅವರಿಗೆ ಈಗಲೂ "ಮಾಷ್ಟ್ರು". ಪರಿಚಯದ ಲೆಕ್ಕದಲ್ಲಿ ಚಾ ಸಿಕ್ಕಿದೆ, ಬಾಳೆಹಣ್ಣು ಸಿಕ್ಕಿದೆ. ಹಪ್ಪಳ ಮಾತ್ರ ಪ್ರತಿಸಲವೂ ದುಡ್ಡು ಕೊಟ್ಟೇ ತಂದದ್ದು. ಹಾಗಾಗಿ ಒಳ್ಳೆಯದನ್ನೂ ಹೇಳಬಹುದು, ಕೊರತೆಯನ್ನೂ ಹೇಳಬಹುದು.

ಹಲಸಿನ ಹಪ್ಪಳದ ಯೋಗ್ಯತೆ ಗೊತ್ತಾಗುವುದು ಎಣ್ಣೆಗೆ ಬಿಟ್ಟಾಗ. ಸ್ವಲ್ಪ ಹಣ್ಣಾದ ಹಲಸಿನದ್ದಾದರೆ ಸಿಹಿ ಸೇರಿ ಬಾಣಲೆಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಪ್ಪಾಗುತ್ತದೆ. ತೀರಾ ಎಳೆಯ ಕಾಯಿಯದ್ದಾದರೆ ಅಂಟು ಸಾಲದೆ ಅಂಚು ಒಡೆಯುತ್ತದೆ. ಸರಿಯಾಗಿ ಒಣಗದಿದ್ದರೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಈ ಅಕ್ಕನ ಹಪ್ಪಳದಲ್ಲಿ ಈ ಯಾವ ತಕರಾರೂ ಇಲ್ಲ. ಬಿಟ್ಟ ಕೂಡಲೇ ಅರಳುತ್ತದೆ, ಹೊಂಬಣ್ಣಕ್ಕೆ ಬರುತ್ತದೆ, ತಟ್ಟೆಗೆ ಹಾಕಿ ಅರ್ಧ ಗಂಟೆ ಬಿಟ್ಟು ಮುರಿದರೂ ಪಟ್ ಅಂತ ಶಬ್ದ ಬರುತ್ತದೆ. ಹಲಸಿನ ರುಚಿ ಮುಂದೆ, ಮೆಣಸು ಹಿಂದೆ. ಉಪ್ಪು, ಮೆಣಸಿನ ಪುಡಿ, ಕೊತ್ತಂಬರಿ, ಜೀರಿಗೆ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಕಳೆದ ಮಳೆಗಾಲದಲ್ಲಿ ಮಂಗಳೂರಿನ ಒಂದು ದೊಡ್ಡ ಅಂಗಡಿಯಿಂದ ಚೆಂದದ ಪ್ಯಾಕೆಟ್ ತಂದಿದ್ದೆ. ಅದರಲ್ಲಿ ಹಲಸಿಗಿಂತ ಮೈದಾವೇ ಜಾಸ್ತಿ ಇತ್ತು ಅಂತ ನನ್ನ ಅಂದಾಜು. ಬಿಳಿ ಬಿಳಿ ಗುಳ್ಳೆ ಎದ್ದಿತು. ಹೆಂಡತಿ ಅದನ್ನು ನೋಡಿ ಏನೂ ಹೇಳಲಿಲ್ಲ. ಮರುದಿನ ಡಬ್ಬ ಹಿಡಿದುಕೊಂಡು ಪೆರ್ಲದ ಬಸ್ಸು ಹತ್ತಿದಳು, ಅಷ್ಟೇ.

ಒಮ್ಮೆ ಅವರು ಹಪ್ಪಳ ಮಾಡುವ ದಿನವೇ ಹೋಗಿ ಕುಳಿತಿದ್ದೆ. ಏಪ್ರಿಲ್ ತಿಂಗಳು, ಒಳ್ಳೆಯ ಬಿಸಿಲು. ಅಂಗಳದಲ್ಲಿ ನೆರೆಕರೆಯ ಐದಾರು ಹೆಂಗಸರು. ಒಬ್ಬರು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಂಡು ಹಲಸು ಸೀಳುತ್ತಿದ್ದರು, ಇಬ್ಬರು ಸೊಳೆ ಬಿಡಿಸಿ ಬೇಳೆ ಬೇರೆ ಮಾಡುತ್ತಿದ್ದರು. ಮೇಣ ಒರೆಸಿದ ಗೂಂಜು, ಅಂದರೆ ನಡುವಿನ ದಿಂಡು, ದನದ ಬಾಯಿಗೆ. ಸೊಳೆ ಅಟ್ಟಿನಳಗೆಯ ಆವಿಯಲ್ಲಿ ಬೆಂದು ಬರುತ್ತದೆ, ಬಿಸಿಯಿರುವಾಗಲೇ ಗ್ರೈಂಡರಿಗೆ ಹೋಗಬೇಕು. ತಣಿದರೆ ಗಟ್ಟಿಯಾಗಿ ಗ್ರೈಂಡರ್ ತಿರುಗುವುದಿಲ್ಲ. ಮೊದಲು ಇದೆಲ್ಲ ಒರಳು ಒನಕೆಯಲ್ಲಿ ಆಗುತ್ತಿತ್ತು, ಈಗ ಮೋಟಾರು ಬಂದಿದೆ.

ಅರೆದಾದ ಹಿಟ್ಟಿನಲ್ಲಿ ಒಂದು ಚಿಕ್ಕ ಉಂಡೆ ತೆಗೆದು, ಮೇಲೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಅಕ್ಕ ಒಳಗೆ ಹೋದರು. ಚಾವಡಿಯ ಪಕ್ಕದ ಕೋಣೆಯಲ್ಲಿ ಅವರ ಅತ್ತೆ ಮಲಗಿದ್ದಾರೆ. ಎದ್ದು ಓಡಾಡಲು ಆಗುವುದಿಲ್ಲ. ಆದರೆ ನಾಲಗೆ ಚುರುಕಾಗಿದೆ. ಆ ಉಂಡೆಯನ್ನು ಬಾಯಲ್ಲಿ ಹಾಕಿಕೊಂಡು ಅವರು ತಲೆ ಆಡಿಸಿದ ಮೇಲೆಯೇ ಒತ್ತುವ ಕೆಲಸ ಶುರು. ಅವತ್ತು ತಲೆ ಆಡಿಸಲಿಲ್ಲ. "ಜೀರಿಗೆ ಎಲ್ಲಿ ಹಾಕಿದ್ದೀಯಾ? ಹೆಸರು ಮಾತ್ರವಾ?" ಅಂತ ಒಳಗಿನಿಂದ ಕೇಳಿಸಿತು. ಅಕ್ಕ ಮಾತಿಲ್ಲದೆ ಹೊರಗೆ ಬಂದು ಜೀರಿಗೆ ಕುಟ್ಟಿ ಸೇರಿಸಿದರು, ಇನ್ನೊಂದು ಉಂಡೆ ಮಾಡಿಕೊಂಡು ಪುನಃ ಒಳಗೆ ಹೋದರು. ಹಪ್ಪಳ ಮಾಡಲು ಕಲಿಸಿದ್ದೇ ಆ ಅತ್ತೆ. ಮದುವೆಯಾಗಿ ವಿಟ್ಲದ ಕಡೆಯಿಂದ ಗಡಿ ದಾಟಿ ಈ ಮನೆಗೆ ಬಂದಾಗ ಅಕ್ಕನಿಗೆ ಗೊತ್ತಿದ್ದದ್ದು ಬೀಡಿ ಕಟ್ಟುವುದು. ತುಂಬಾ ವರ್ಷ ಬೀಡಿ ಕಟ್ಟಿಯೇ ಮನೆಯ ಖರ್ಚಿಗೆ ಕೈ ಕೊಟ್ಟವರು.

ಒತ್ತುವುದನ್ನು ಹತ್ತಿರದಿಂದ ನೋಡಬೇಕು. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆ ಒತ್ತುತ್ತಾರೆ. ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಒಂದು ಬದಿ ದಪ್ಪ ಕಂಡರೆ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಮೆಲ್ಲಗೆ ಒತ್ತುತ್ತಾರೆ. ಮೇಲಿನ ಹಾಳೆ ಬಿಡಿಸಿ, ಹಪ್ಪಳವನ್ನು ಅಂಗೈ ಮೇಲೆ ಮಗುಚಿಕೊಂಡು, ಕೆಳಗಿನ ಹಾಳೆಯನ್ನೂ ಎಳೆದು, ಚಾಪೆಯ ಮೇಲೆ ಇಳಿಸುತ್ತಾರೆ. ಒಂದು ಮಡಿಕೆ ಬೀಳುವುದಿಲ್ಲ. ಇಷ್ಟೂ ಹೊತ್ತು ಕಣ್ಣು ಕೆಲಸದ ಮೇಲಿದ್ದರೆ ಬಾಯಿ ಇನ್ಯಾರ ಹತ್ತಿರವೋ ಮಾತಾಡುತ್ತಿರುತ್ತದೆ. ಪಕ್ಕದ ಮನೆಯವಳ ಹೆರಿಗೆ, ರೇಶನ್ ಕಾರ್ಡಿನ ಗಲಾಟೆ, ಭಜನಾ ಮಂದಿರದ ಸೋರುವ ಮಾಡು. ಕಾಗೆ ಓಡಿಸಲು ಕೋಲು ಕೊಟ್ಟು ಕೂರಿಸಿದ್ದ ಮೊಮ್ಮಗ ಅರೆ ಒಣಗಿದ ಹಪ್ಪಳ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಾಗೆಯೇ ವಾಸಿ ಅಂತ ಅನಿಸಿತು.

ಇನ್ನು ಕೊರತೆಗಳಿಗೆ ಬರೋಣ. ದೊಡ್ಡ ಕೊರತೆ ಒಂದೇ: ನೀವು ಹೋದಾಗ ಹಪ್ಪಳ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಹಪ್ಪಳ ಇದ್ದರೂ ಅಕ್ಕ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ.

ಮಂಗಳವಾರ ಮಧ್ಯಾಹ್ನ ಹೋಗಲೇಬೇಡಿ. ಅವತ್ತು ಅವರು ಗುಡ್ಡೆಯ ಆಚೆ ಬದಿಯ ಒಂದು ಮನೆಯಲ್ಲಿರುತ್ತಾರೆ. ನಮ್ಮ ಈ ಭಾಗದ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದರು. ಅದರ ಫಲ ಉಣ್ಣುತ್ತಿರುವ ಮನೆಗಳು ಎಣ್ಮಕಜೆಯಲ್ಲಿ ಎಷ್ಟಿವೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಮನೆಯ ಹುಡುಗನಿಗೆ ಈಗ ಮೀಸೆ ಬಂದಿದೆ, ಆದರೂ ಊಟ ಮಾಡಿಸಬೇಕು, ಮಗ್ಗುಲು ಬದಲಿಸಬೇಕು. ಅವನ ತಾಯಿಗೆ ವಾರಕ್ಕೆ ಒಂದು ಮಧ್ಯಾಹ್ನವಾದರೂ ಪೇಟೆಗೆ ಹೋಗಿ ಬರಲಿ, ಬ್ಯಾಂಕೋ ಆಸ್ಪತ್ರೆಯೋ ಮುಗಿಸಿಕೊಳ್ಳಲಿ ಅಂತ ಅಕ್ಕ ಹೋಗಿ ಕೂರುತ್ತಾರೆ. ಇದನ್ನು ಅವರು ನನಗೆ ಹೇಳಿದ್ದಲ್ಲ. ಬಾಗಿಲಲ್ಲಿ ಕಾದು ಕಾದು ಬೇಜಾರಾಗಿ ನಾನು ಸೊಸೆಯನ್ನು ಕೇಳಿದ್ದಕ್ಕೆ ಗೊತ್ತಾಯಿತು. ನೀವು ಹೋದಾಗ ಕೇಳಬೇಡಿ. ಮಂಗಳವಾರ ಬಿಟ್ಟು ಹೋದರಾಯಿತು.

ಭಾನುವಾರ ಮಧ್ಯಾಹ್ನದ ಮೇಲೆ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಮೀಟಿಂಗ್. ಆಗಲೂ ವ್ಯಾಪಾರ ಇಲ್ಲ. 1998ರಲ್ಲಿ ಕೇರಳದಲ್ಲಿ ಶುರುವಾದ ಈ ಕುಟುಂಬಶ್ರೀ ನಮ್ಮ ಹಳ್ಳಿಗಳ ಹೆಂಗಸರಿಗೆ ಏನು ಕೊಟ್ಟಿತು ಅಂತ ಯಾರಾದರೂ ಕೇಳಿದರೆ ನಾನು ಈ ಮನೆಯ ಗ್ರೈಂಡರ್ ತೋರಿಸುತ್ತೇನೆ. ಅಯಲ್‌ಕೂಟದ, ಅಂದರೆ ಕುಟುಂಬಶ್ರೀಯ ನೆರೆಕರೆ ಗುಂಪಿನ, ಸಾಲದಲ್ಲಿ ಬಂದದ್ದು ಅದು. ಸಾಲ ತೀರಿಸಿದ್ದೂ ಹಪ್ಪಳದಲ್ಲೇ. ಅಕ್ಕ ಓದಿದ್ದು ಕನ್ನಡ ಮೀಡಿಯಂ, ಅದೂ ಏಳನೇ ಕ್ಲಾಸಿನವರೆಗೆ. ಮೀಟಿಂಗಿನ ಪುಸ್ತಕ ಮಲಯಾಳಂನಲ್ಲಿ ಬರೆಯಬೇಕಾಗಿ ಬಂದಾಗ ಮಗಳ ಶಾಲೆಯ ಪುಸ್ತಕ ಇಟ್ಟುಕೊಂಡು, ಬಸ್ಸಿನ ಬೋರ್ಡು ನೋಡಿಕೊಂಡು ಅಕ್ಷರ ಕಲಿತರು. ಈಗ ವಿಲ್ಲೇಜ್ ಆಫೀಸಿನ ಕಾಗದ ಬಂದರೆ ಸುತ್ತಲಿನ ಅಜ್ಜಂದಿರು ಅಜ್ಜಿಯಂದಿರು ಅದನ್ನು ಹಿಡಿದುಕೊಂಡು ಬರುವುದು ಇಲ್ಲಿಗೇ.

ಗಿರಾಕಿಗೆ ಇದರಿಂದ ಏನು ತೊಂದರೆ ಅಂದರೆ, ನಿಮ್ಮ ಹಪ್ಪಳ ಎಣಿಸುತ್ತಿರುವಾಗ ಒಬ್ಬರು ಅಜ್ಜ ಕಾಗದ ಮಡಚಿಕೊಂಡು ಬಂದು ನಿಲ್ಲುತ್ತಾರೆ. ಎಣಿಕೆ ನಿಲ್ಲುತ್ತದೆ. ಅಕ್ಕ ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿ, "ಇದು ಪೆನ್ಶನ್‌ದು ಅಜ್ಜಾ, ಮಸ್ಟರಿಂಗ್ ಮಾಡಿಸಬೇಕು, ಬದುಕಿದ್ದೀರಿ ಅಂತ ತೋರಿಸಬೇಕು, ಆಧಾರ್ ಹಿಡಿದುಕೊಂಡು ಬುಧವಾರ ಹೋಗಿ" ಅಂತ ತುಳುವಿನಲ್ಲಿ ವಿವರಿಸಿ, ಯಾವ ಬಸ್ಸು, ಎಲ್ಲಿ ಇಳಿಯಬೇಕು ಅನ್ನುವುದನ್ನೂ ಹೇಳಿ ಕಳುಹಿಸುತ್ತಾರೆ. ಆಮೇಲೆ ಹಪ್ಪಳ ಮೊದಲಿನಿಂದ ಎಣಿಕೆ. ಅವಸರ ಇರುವವರಿಗೆ ಈ ಅಂಗಡಿ ಹೇಳಿದ್ದಲ್ಲ.

2025ರಲ್ಲಂತೂ ನಮಗೆ ಹಪ್ಪಳವೇ ಕಡಿಮೆ ಬಿತ್ತು. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಮೂಡಪ್ಪ ಸೇವೆ. 1992ರ ನಂತರ ನಡೆದ ಮೂಡಪ್ಪ ಸೇವೆ ಅದು. ಹಲಸಿನ ಕಾಯಿ ಹಪ್ಪಳಕ್ಕೆ ಹದವಾಗಿ ಬರುವ ಸಮಯವೂ ಅದೇ. ಅಕ್ಕ ಮೊದಲು ಹೊರೆಕಾಣಿಕೆಗೆ ತೆಂಗಿನಕಾಯಿ, ಅಕ್ಕಿ ಒಟ್ಟು ಮಾಡುವುದರಲ್ಲಿ ಮುಳುಗಿದರು. ಆಮೇಲೆ ನೆರೆಕರೆಯ ಹೆಂಗಸರನ್ನು ಕಟ್ಟಿಕೊಂಡು ತರಕಾರಿ ಹೆಚ್ಚಲು ಮಧೂರಿಗೆ ಹೋದರು. ಬಂದು ಹಪ್ಪಳಕ್ಕೆ ಕೂರುವಷ್ಟರಲ್ಲಿ ಅರ್ಧ ಸೀಸನ್ ಮುಗಿದಿತ್ತು. ಉಳಿದದ್ದರಲ್ಲೂ ಒಂದು ವಾರ ಬಿಟ್ಟುಹೋಯಿತು. ನೆರೆಕರೆಯಲ್ಲಿ ಒಬ್ಬರು ತೀರಿಕೊಂಡಿದ್ದರು, ಆ ಮನೆಯವರಿಗೆ ಗಂಜಿ ಬೇಯಿಸಿ ಕೊಡುವವರು ಬೇಕಿತ್ತು. ನಾನು ಬೆಂಗಳೂರಿನಲ್ಲಿರುವ ಮಗಳಿಗೆ ಕಳುಹಿಸಲು ಇನ್ನೂರು ಹೇಳಿದ್ದೆ. ಸಿಕ್ಕಿದ್ದು ಎಪ್ಪತ್ತೈದು. ಮಗಳು ಫೋನಿನಲ್ಲಿ, "ಅಪ್ಪಾ, ಅವರು ಬಿಸಿನೆಸ್ ಮಾಡ್ತಾ ಇದ್ದಾರಾ, ಸಮಾಜಸೇವೆ ಮಾಡ್ತಾ ಇದ್ದಾರಾ?" ಅಂತ ಕೇಳಿದಳು. ಎರಡೂ ಒಂದೇ ಅಂಗಳದಲ್ಲಿ ನಡೆಯುತ್ತದೆ ಮಗಾ, ಜಾಗ ಸಾಲುವುದಿಲ್ಲ, ಅಂದೆ.

ರೇಟಿನ ಬಗ್ಗೆ ನನಗೂ ಅಕ್ಕನಿಗೂ ಪ್ರತಿವರ್ಷ ಜಗಳ. ನೂರಕ್ಕೆ 350 ರೂಪಾಯಿ. ಇದು ಕಡಿಮೆಯಾಯಿತು. 2018ರ ಮಾರ್ಚ್‌ನಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು. ಇದೇ ಎಣ್ಮಕಜೆಯ ಪಡ್ರೆಯವರಾದ ಪತ್ರಕರ್ತ ಶ್ರೀಪಡ್ರೆ ಅದಕ್ಕಿಂತ ಎಷ್ಟೋ ಮೊದಲಿನಿಂದ ಕೃಷಿ ಮಾಸಿಕ ಅಡಿಕೆ ಪತ್ರಿಕೆಯಲ್ಲಿ ಹಲಸಿಗೆ ಮಾನ ಕೊಡಿ ಅಂತ ಬರೆಯುತ್ತಲೇ ಇದ್ದರು. ಈಗ ಪೇಟೆಯಲ್ಲಿ ಹಲಸಿನ ಐಸ್‌ಕ್ರೀಮು, ಹಲಸಿನ ಚಿಪ್ಸು, ಏನು ಬೇಕಾದರೂ ಸಿಗುತ್ತದೆ, ಎಲ್ಲದಕ್ಕೂ ಒಳ್ಳೆಯ ರೇಟು. ಅಕ್ಕನಿಗೆ ಇದರಿಂದ ಆದ ಬದಲಾವಣೆ ಅಂದರೆ, ಮೊದಲು "ಕೊಯ್ದುಕೊಂಡು ಹೋಗಿ ಮಾರಾಯ್ರೇ" ಅನ್ನುತ್ತಿದ್ದವರಲ್ಲಿ ಕೆಲವರು ಈಗ ಹಲಸಿಗೆ ದುಡ್ಡು ಕೇಳುತ್ತಾರೆ. ಸಹಾಯಕ್ಕೆ ಬಂದ ಹೆಂಗಸರಿಗೆ ಅವತ್ತಿನ ಕೂಲಿ ಅವತ್ತೇ ಕೊಡುತ್ತಾರೆ, ಅದರಲ್ಲಿ ಬಾಕಿ ಇಲ್ಲ. ತನ್ನ ಕೂಲಿ ಮಾತ್ರ ಲೆಕ್ಕದಲ್ಲೇ ಇಲ್ಲ. ನಾನು ಒಂದು ಸಲ ಕಾಗದ ಪೆನ್ನು ಹಿಡಿದು ಕುಳಿತು ಲೆಕ್ಕ ಹಾಕಿ ತೋರಿಸಿದೆ. ಹಲಸು, ಮೆಣಸು, ಕರೆಂಟು, ಕೂಲಿ, ಕೊನೆಯಲ್ಲಿ ಅವರಿಗೆ ಉಳಿಯುವುದು ಎಷ್ಟು ಅಂತ.

ಅವರು ಲೆಕ್ಕ ನೋಡಿ, "ಸರಿ ಉಂಟು ಮಾಷ್ಟ್ರೇ. ಆದರೆ ಜಾಸ್ತಿ ಮಾಡಿದರೆ ಇಲ್ಲಿಯವರು ತೆಗೆದುಕೊಳ್ಳುವುದು ಹೇಗೆ?" ಅಂದರು.

"ಇಲ್ಲಿಯವರಿಗೆ ಇದೇ ಇರಲಿ. ಬೆಂಗಳೂರಿಗೆ, ದುಬೈಗೆ ಕಟ್ಟಿಸಿಕೊಂಡು ಹೋಗುವವರಿಗೆ ಬೇರೆ ರೇಟು ಮಾಡಿ."

"ಒಂದೇ ಚಾಪೆಯಲ್ಲಿ ಒಣಗಿದ್ದಕ್ಕೆ ಎರಡು ರೇಟಾ?"

ಈ ಮಾತಿಗೆ ಸೊಸೆ ಒಳಗಿನಿಂದ ಬಂದು ನನ್ನ ಪಕ್ಷ ವಹಿಸಿದಳು. ಆ ಹುಡುಗಿ ಬಿ.ಕಾಂ. ಓದಿದವಳು, ಕ್ಯೂಆರ್ ಕೋಡ್ ತಂದು ಅಂಟಿಸಿದ್ದೂ ಅವಳೇ. ಪಾರ್ಸೆಲ್ಲಿಗೆ ಈಗ 400 ಆಗಿದೆ. ನನ್ನ ಮಟ್ಟಿಗೆ ಅದೂ ಕಡಿಮೆಯೇ. ಯಾರಾದರೂ ಅಲ್ಲಿ ಹೋಗಿ ಚೌಕಾಸಿ ಮಾಡಿದಿರಿ ಅಂತ ನನಗೆ ಗೊತ್ತಾದರೆ ಬೇಜಾರಾಗುತ್ತದೆ, ಅಲ್ವಾ ಮತ್ತೆ?

ಬೇರೆ ಸಾಮಾನುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮರಗೆಣಸಿನ ಹಪ್ಪಳ ಪರವಾಗಿಲ್ಲ ಅನ್ನಬಹುದು, ನನಗೆ ಸ್ವಲ್ಪ ಗಟ್ಟಿ, ಖಾರವೂ ಮುಂದು. ಹಲ್ಲು ಗಟ್ಟಿ ಇರುವವರು ನೋಡಿ. ಮಾಂಬಳ ತುಂಬಾ ಚೆನ್ನಾಗಿರುತ್ತದೆ. ಕಾಟುಮಾವಿನ ರಸ ಪದರ ಪದರವಾಗಿ ಎರೆದು ಒಣಗಿಸಿದ್ದು, ಹುಳಿ ಸಿಹಿ ಎರಡೂ ಉಂಟು, ಗೊಜ್ಜಿಗೆ ಒಂದು ತುಂಡು ಸಾಕು. ಆದರೆ ಕಪಾಟಿಗೆ ಬರುವ ಮೊದಲೇ ಖಾಲಿ. ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕೇಳಿದವರಿಗೆ ಭರಣಿಯಿಂದ ತೆಗೆದು ಕೊಡುತ್ತಾರೆ. ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಿಕೊಳ್ಳುವ ತಾಳ್ಮೆ ಇದ್ದರೆ ಮಾತ್ರ ತನ್ನಿ, ಮಳೆಗಾಲದಲ್ಲಿ ಪಲ್ಯಕ್ಕೆ, ಎಣ್ಣೆಯಲ್ಲಿ ಕರಿದ ಉಂಡ್ಲಕಾಳಿಗೆ ಅದರಂಥದ್ದು ಬೇರೆ ಇಲ್ಲ. ಹಲಸಿನ ಹಣ್ಣು ಕಾಯಿಸಿ ಮಾಡುವ ಬೆರಟಿ ನನಗೆ ಹಿಡಿಸಲಿಲ್ಲ, ಬೆಲ್ಲ ಜಾಸ್ತಿ. ಅವರ ಅತ್ತೆಗೆ ಹಾಗೆಯೇ ಇಷ್ಟವಂತೆ, ಹಾಗಾಗಿ ಬದಲಾಗುವ ಆಸೆ ಇಟ್ಟುಕೊಳ್ಳಬೇಡಿ. ಒಣಗಿಸಿದ ಹಲಸಿನ ಬೇಳೆ, ನಮ್ಮ ಸಾಂತಣಿ, ಮಾರಾಟಕ್ಕೆ ಇಲ್ಲ. ಚಾದ ಜೊತೆ ಒಂದು ಮುಷ್ಟಿ ಕೊಟ್ಟರೆ ನಿಮ್ಮ ಅದೃಷ್ಟ.

ಪ್ಯಾಕಿಂಗ್ ಸುಧಾರಿಸಬೇಕು. ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ. ಬಸ್ಸಿನಲ್ಲಿ ಬೆಂಗಳೂರಿಗೆ ಮುಟ್ಟುವಷ್ಟರಲ್ಲಿ ಅಡಿಯ ಹತ್ತಿಪ್ಪತ್ತು ಹಪ್ಪಳ ಚೂರಾಗಿರುತ್ತವೆ. ಸೊಸೆಗೆ ಹೇಳಿದ್ದೇನೆ, ರಟ್ಟಿನ ಪೆಟ್ಟಿಗೆ ತರಿಸುತ್ತೇನೆ ಅಂದಿದ್ದಾಳೆ. ಅಲ್ಲಿಯವರೆಗೆ ನೀವೇ ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬ ಹಿಡಿದುಕೊಂಡು ಹೋಗಿ. ಆಟಿ ತಿಂಗಳ ಮಳೆಗೆ ಡಬ್ಬ ತೆರೆದಿಟ್ಟರೆ ಎಂಥ ಹಪ್ಪಳವಾದರೂ ಬೂಸ್ಟು ಹಿಡಿಯುತ್ತದೆ, ಅದಕ್ಕೆ ಅಕ್ಕನನ್ನು ಬೈದು ಪ್ರಯೋಜನವಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ದಿನ ಒಮ್ಮೆ ಹರವಿ ತೆಗೆದಿಡಿ. ಹುರಿಯಲು ತೆಂಗಿನೆಣ್ಣೆಯೇ ಆಗಬೇಕು. 2025ರಲ್ಲಿ ಅದರ ರೇಟು 400 ದಾಟಿದಾಗ ನಮ್ಮ ಮನೆಯಲ್ಲಿ ಬೇರೆ ಎಣ್ಣೆಯಲ್ಲಿ ಹುರಿದು ನೋಡಿದರು. ಹಪ್ಪಳ ಅರಳಿತು, ಆದರೆ ಯಾರೂ ಎರಡನೆಯದು ಕೇಳಲಿಲ್ಲ.

ಹೋಗುವ ದಾರಿ: ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಕಾಸರಗೋಡು, ಬದಿಯಡ್ಕದ ಕಡೆಯಿಂದ ಬಂದರೂ ಪುತ್ತೂರು, ವಿಟ್ಲದ ಕಡೆಯಿಂದ ಬಂದರೂ ಪೆರ್ಲದಲ್ಲಿ ಇಳಿಯಿರಿ, ಅಲ್ಲಿಂದ ರಿಕ್ಷಾ. ಮನೆಯ ಹತ್ತಿರ ಫೋನಿಗೆ ರೇಂಜ್ ಸರಿ ಸಿಗುವುದಿಲ್ಲ, ಕ್ಯೂಆರ್ ಕೋಡ್ ನಂಬಿಕೊಂಡು ಹೋಗದೆ ಕೈಯಲ್ಲಿ ನೋಟು ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಹೋದರೆ ಒಳ್ಳೆಯದು. ಅಷ್ಟರಲ್ಲಿ ಹಾಲು ಸೊಸೈಟಿಗೆ ಹೋಗಿರುತ್ತದೆ, ಅತ್ತೆಯ ಸ್ನಾನ, ಗಂಜಿ ಮುಗಿದಿರುತ್ತದೆ. ನೂರಕ್ಕಿಂತ ಜಾಸ್ತಿ ಬೇಕಾದವರು ಏಪ್ರಿಲ್ ನಡುವಿನ ವಿಷುವಿನ ಒಳಗೆ ಹೇಳಿ ಹೆಸರು ಬರೆಸಬೇಕು. ಸೊಸೆಯ ನೋಟ್‌ಬುಕ್ಕಿನಲ್ಲಿ ಬರೆಸಿ, ಅಕ್ಕನಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಈ ಸಲದ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಇನ್ನೂರು ಹಪ್ಪಳ. ಎರಡನೆಯದು ಭಜನಾ ಮಂದಿರದ್ದು, ಐನೂರು. ಅದರ ಮುಂದೆ ರೇಟಿನ ಜಾಗದಲ್ಲಿ ಸೊಸೆ ಒಂದು ಗೀಟು ಹಾಕಿದ್ದಾಳೆ.